ಗಂಜಿ ಚೀಲದಲ್ಲಿ ಹದಿನಾಲ್ಕನೇ ಬಿಲ್ಲೆ

ಚೇತನ್‌ಕುಮಾರ್ ಒಂಬತ್ತು ವರ್ಷದಿಂದ ವಿದ್ಯುತ್ತು ಹರಿಯುವ ಪ್ಲಾಸ್ಟಿಕ್ ಮಾಡುತ್ತಿದ್ದ. ಪ್ಲಾಸ್ಟಿಕ್ ಆಗುತ್ತಿತ್ತು. ವಿದ್ಯುತ್ತು ಹರಿಯುತ್ತಿರಲಿಲ್ಲ.

ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಅಸಿಟಿಲೀನ್ ಎಂದರೆ ವೆಲ್ಡಿಂಗ್ ಅಂಗಡಿಯ ಸಿಲಿಂಡರಿನಲ್ಲಿರುವ ಅನಿಲ. ಅದರ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಉದ್ದನೆಯ ಸರಪಳಿ ಮಾಡಿದರೆ ಪಾಲಿಅಸಿಟಿಲೀನ್. ಆ ಸರಪಳಿಗೆ ಸ್ವಲ್ಪ ಅಯೋಡಿನ್ ಹಬೆ ಹಿಡಿಸಿದರೆ ಎಲೆಕ್ಟ್ರಾನುಗಳು ಅದರ ಉದ್ದಕ್ಕೂ ಓಡಾಡತೊಡಗುತ್ತವೆ. ಪ್ಲಾಸ್ಟಿಕ್ಕು ಲೋಹದ ಹಾಗೆ ನಡೆದುಕೊಳ್ಳುತ್ತದೆ. ತೊಂದರೆಯೇನೆಂದರೆ ಅದು ಗಾಳಿ ತಾಗಿದರೆ ಕೆಡುತ್ತದೆ, ಯಾವ ದ್ರಾವಕದಲ್ಲೂ ಕರಗುವುದಿಲ್ಲ. ಕೆಡದಂತೆ, ಕರಗುವಂತೆ ಮಾಡಬೇಕಾದರೆ ಸರಪಳಿಯ ಪಕ್ಕಕ್ಕೆ ಬೆಂಜೀನ್ ಉಂಗುರದಂಥ ಬೇರೆ ಗುಂಪುಗಳನ್ನು ಅಂಟಿಸಬೇಕು. ಅಂಟಿಸಿದ್ದೇ ತಡ, ಆ ಗುಂಪುಗಳು ಜಾಗ ಸಾಲದೆ ಒಂದನ್ನೊಂದು ತಳ್ಳಿಕೊಂಡು ಸರಪಳಿಯನ್ನೇ ತಿರುಚಿಬಿಡುತ್ತವೆ. ಎಲೆಕ್ಟ್ರಾನು ನಿಂತಲ್ಲೇ ನಿಲ್ಲುತ್ತದೆ. ಈ ವಿಷಯ ಪ್ರಪಂಚಕ್ಕೆ ದಶಕಗಳಿಂದ ಗೊತ್ತಿತ್ತು. ಮಡಿಕೇರಿಯ ಗುಡ್ಡದ ಮೇಲಿನ ಆ ಖಾಸಗಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗ ಮಾತ್ರ ಅದನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ.

ಚೇತನ್ ಸೋಮವಾರಪೇಟೆಯಿಂದ ಎಂಟು ಕಿಲೋಮೀಟರ್ ಆಚೆಯ ಹಳ್ಳಿಯವನು. ಅಪ್ಪ ಸಿದ್ದಣ್ಣನಿಗೆ ಐದೆಕರೆ ಕಾಫಿ, ನಡುನಡುವೆ ಏಲಕ್ಕಿ. ವಯಸ್ಸು ಮೂವತ್ತೈದು ದಾಟಿತ್ತು. ವಾರದ ದಿನ ಮಡಿಕೇರಿಯ ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನ ಮಾದಾಪುರದ ಮೇಲೆ ಹೋಗುವ ಬಸ್ಸು ಹತ್ತಿ ಊರು. ಬೆಳಿಗ್ಗೆ ಬಿ.ಎಸ್ಸಿ. ಮಕ್ಕಳಿಗೆ ಪಾಠ, ಮಧ್ಯಾಹ್ನದಿಂದ ಪಿಎಚ್.ಡಿ. ಅವನಷ್ಟು ಅಚ್ಚುಕಟ್ಟಿನ ಮನುಷ್ಯ ಆ ವಿಭಾಗದಲ್ಲಿ ಇನ್ನೊಬ್ಬನಿರಲಿಲ್ಲ. ಅವನ ಪ್ರಯೋಗದ ಪುಸ್ತಕದಲ್ಲಿ ತಾರೀಕಿಗೊಂದು ಕಾಲಂ, ತೂಕಕ್ಕೊಂದು, ದಪ್ಪಕ್ಕೊಂದು, ಕೋಣೆಯ ಉಷ್ಣಾಂಶಕ್ಕೊಂದು, ವೋಲ್ಟಿಗೊಂದು, ಆಂಪಿಯರಿಗೊಂದು. ಗೆರೆಗಳೆಲ್ಲ ಸ್ಕೇಲಿಟ್ಟು ಎಳೆದವು. ಗಾಳಿಯ ತೇವಕ್ಕೆ ಮಾತ್ರ ಕಾಲಂ ಇರಲಿಲ್ಲ. ಮಡಿಕೇರಿಯಲ್ಲಿ ಕುಳಿತು ಜುಲೈ ತಿಂಗಳ ತೇವವನ್ನು ಬರೆದಿಡುವುದೆಂದರೆ ಸಮುದ್ರ ಒದ್ದೆಯಾಗಿದೆ ಎಂದು ಬರೆದಿಟ್ಟಂತೆ ಎಂದು ಅವನಿಗೆ ಅನ್ನಿಸಿರಬೇಕು.

ಹಾಗೆಂದು ಆ ವಿಭಾಗ ತೇವವನ್ನು ಮರೆತಿರಲಿಲ್ಲ. ಸರಪಳಿ ಕಟ್ಟಿಸುವ ವೇಗವರ್ಧಕವಾದ ಟಂಗ್‌ಸ್ಟನ್ ಹೆಕ್ಸಾಕ್ಲೋರೈಡ್ ಎಂಬ ಕಡುನೀಲಿ ಹರಳಿಗೆ ಒದ್ದೆ ಗಾಳಿ ಸೋಕಿದರೆ ಹೊಗೆಯಾಡಿ, ಹಳದಿಗೆ ತಿರುಗಿ, ಕೆಲಸಕ್ಕೆ ಬಾರದಾಗುತ್ತದೆ. ಆದ್ದರಿಂದ ಪಾಲಿಮರ್ ಮಾಡುವುದು ಡಿಸೆಂಬರಿನಿಂದ ಏಪ್ರಿಲಿನವರೆಗೆ ಮಾತ್ರ. ಚೇತನ್ ಟೊಲೀನನ್ನು ಸೋಡಿಯಂ ಮೇಲೆ ಕುದಿಸಿ ಹನಿ ನೀರಿಲ್ಲದಂತೆ ಒಣಗಿಸುತ್ತಿದ್ದ. ಫ್ಲಾಸ್ಕಿನೊಳಗೆ ನೈಟ್ರೋಜನ್ ಬಿಟ್ಟು, ಅದರ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಒಂದು ದಿನವಿಡೀ ಕಲಕಿ ಮೆಥನಾಲಿಗೆ ಸುರಿದರೆ ಇಟ್ಟಿಗೆ ಬಣ್ಣದ ಪುಡಿ ತಳಕ್ಕಿಳಿಯುತ್ತಿತ್ತು. ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಕೋಟಿನ ಗುಂಡಿಯಷ್ಟು ಬಿಲ್ಲೆ ಮಾಡಿ, ಅಯೋಡಿನ್ ಹಬೆ ಹಿಡಿಸಿ, ಎರಡು ಕಡೆ ತಂತಿ ಅಂಟಿಸಿ ಅಳೆಯುತ್ತಿದ್ದ.

ಹೀಗೆ ಒಂದು ಉಸಿರಿನ ತೇವವನ್ನೂ ಒಳಗೆ ಬಿಡದೆ ತಯಾರಿಸಿದ ಬಿಲ್ಲೆಗಳನ್ನು ಅವನು ಬಟ್ಟೆಯ ಚೀಲದಲ್ಲಿ ಇಡುತ್ತಿದ್ದ.

ಇದನ್ನು ಕಾಫಿ ಬೆಳೆಗಾರನ ಮಗನಲ್ಲದೆ ಬೇರೆ ಯಾವ ರಸಾಯನಶಾಸ್ತ್ರಜ್ಞನೂ ಮಾಡುತ್ತಿರಲಿಲ್ಲ. ಸ್ಟೋರ್ ರೂಮಿನಲ್ಲಿ ತಿರುಗುಮುಚ್ಚಳದ ಗಾಜಿನ ಬಾಟಲಿಗಳು ಡಜನ್ನುಗಟ್ಟಲೆ ಬಿದ್ದಿದ್ದವು. ಆದರೆ ಚೇತನ್ ಅಂಬೆಗಾಲಿಡುವ ವಯಸ್ಸಿನಿಂದ ಕೇಳಿದ್ದು ಒಂದೇ ಪಾಠ: ಒಣಗಿಸಿದ ಕಾಫಿಯನ್ನು ಗಾಳಿಯಾಡದ ಕಡೆ ಮುಚ್ಚಿಟ್ಟರೆ ಅದು ಬೆವರಿ ಬೂಸು ಹಿಡಿಯುತ್ತದೆ, ಗೋಣಿಗೆ ತುಂಬು, ಉಸಿರಾಡಲಿ. ಸಿದ್ದಣ್ಣ ಇದನ್ನು ಹೇಳುವಾಗ ಒಂದು ಬೆರಳನ್ನು ಮೇಲೆತ್ತುತ್ತಿದ್ದ. ಎಂ.ಎಸ್ಸಿ.ಯಲ್ಲಿ ಯಾರೂ ಬೆರಳೆತ್ತಿ ಪಾಠ ಮಾಡಿರಲಿಲ್ಲವಾದ್ದರಿಂದ ಮೊದಲನೆಯದೇ ಗಟ್ಟಿಯಾಗಿ ಉಳಿದುಕೊಂಡಿತ್ತು. ಅಮ್ಮ ಸುಮಿತ್ರಮ್ಮ ಹಳೆಯ ಬಿಳಿ ಪಂಚೆ ಹರಿದು ಅಂಗೈಯಗಲದ ಚೀಲಗಳನ್ನು ಹೊಲಿದು, ಒಂದೊಂದರ ಮೇಲೂ ಕೆಂಪು ದಾರದಲ್ಲಿ ನಂಬರು ಹಾಕಿ, ಅನ್ನದ ಗಂಜಿಯಲ್ಲಿ ಅದ್ದಿ, ಇಸ್ತ್ರಿ ಹೊಡೆದು ಕೊಡುತ್ತಿದ್ದಳು. ಕಲೆಯಾದವನ್ನು ಶನಿವಾರ ಒಯ್ದರೆ ಸೋಮವಾರಕ್ಕೆ ಒಗೆದು, ಮತ್ತೆ ಗಂಜಿ ಹಾಕಿ ಗರಿಗರಿಯಾಗಿ ಸಿಗುತ್ತಿದ್ದವು. ಪ್ರಯೋಗಾಲಯಕ್ಕೆ ಬಂದವರೆಲ್ಲ ಅವುಗಳ ಅಂದವನ್ನು ಹೊಗಳಿದ್ದರು. ಒಳಗೇನಿದೆಯೆಂದು ಯಾರೂ ಕೇಳಿರಲಿಲ್ಲ.

ಒಂಬತ್ತು ವರ್ಷದಲ್ಲಿ ಹದಿನಾಲ್ಕು ಬಗೆಯ ಪಾಲಿಮರುಗಳಾದವು. ಮೊದಲ ಹದಿಮೂರನ್ನು ಮಾಡಿದ ವಾರದಲ್ಲೇ ಅಳೆದು, ಬೇರೆ ಪರೀಕ್ಷೆಗಳಿಗೆಂದು ಪುಡಿಮಾಡಿ ಮುಗಿಸಿದ್ದ. ಬೆಂಜೀನ್ ಉಂಗುರದ ಒಂದು ಮೂಲೆಯಲ್ಲಿ ಮೀಥೈಲ್ ಗುಂಪು ಸಿಕ್ಕಿಸಿದ ಹದಿನಾಲ್ಕನೆಯದನ್ನು ಒಂಬತ್ತನೇ ವರ್ಷದ ಫೆಬ್ರುವರಿಯಲ್ಲಿ ಅಳೆದ. ವಾಹಕತೆ, ಎಂದರೆ ವಿದ್ಯುತ್ತು ಎಷ್ಟು ಸಲೀಸಾಗಿ ಹರಿಯುತ್ತದೆಂಬ ಅಳತೆ, ಎಂದಿನಂತೆ ಒಂದು ಮಾನದ ಕೋಟಿಯಲ್ಲೊಂದು ಪಾಲು. ಅಷ್ಟರಲ್ಲಿ ಅಳೆಯುವ ಯಂತ್ರ ಕೆಟ್ಟಿತು. ರಿಪೇರಿಗೆ ಹೋಗಿ ಬಂದದ್ದು ಜುಲೈ ಎರಡನೇ ವಾರ. ಸರಿಯಾಗಿದೆಯೋ ಇಲ್ಲವೋ ನೋಡೋಣವೆಂದು ಹದಿನಾಲ್ಕನೇ ನಂಬರಿನ ಒಂದು ಬಿಲ್ಲೆಯನ್ನು ಚೀಲದಿಂದ ತೆಗೆದು ಇಟ್ಟ.

ಹತ್ತು ಸಾವಿರದಲ್ಲೊಂದು ಪಾಲು. ಫೆಬ್ರುವರಿಗಿಂತ ಸಾವಿರ ಪಟ್ಟು ಹೆಚ್ಚು.

ಯಂತ್ರವನ್ನು ಗೊತ್ತಿರುವ ರೋಧಕ ಹಾಕಿ ಪರೀಕ್ಷಿಸಿದ, ಸರಿಯಿತ್ತು. ಬೇರೆ ಚೀಲಗಳಲ್ಲಿದ್ದ ಅದೇ ಬಗೆಯ ಉಳಿದ ಐದು ಬಿಲ್ಲೆಗಳನ್ನೂ ಇಟ್ಟ, ಎಲ್ಲವೂ ಅಷ್ಟೇ. ಒಂದೇ ಕಿರಿಕಿರಿ: ವೋಲ್ಟೇಜ್ ಕೊಟ್ಟ ಕ್ಷಣ ಏರಿದ ಅಂಕಿ ನಿಲ್ಲುತ್ತಿರಲಿಲ್ಲ, ಮೆಲ್ಲಗೆ ಜಾರುತ್ತಿತ್ತು. ಎರಡನ್ನೂ ಪುಸ್ತಕದಲ್ಲಿ ಬರೆದುಕೊಂಡು ಗೈಡ್ ಬಳಿಗೆ ಹೋದ.

ಗೈಡ್ ಡಾ. ಪ್ರಜ್ಞೇಶ್ ಭಾಗಮಂಡಲ ಕಡೆಯ ಎಸ್ಟೇಟಿನ ಮನೆಯವರು, ಎತ್ತರದ ಆಳು, ನಗುಮುಖ. ಯಾವ ಅಂಕಿಯನ್ನು ತೋರಿಸಿದರೂ ಅದರೊಳಗಿನ ಪತ್ರಿಕಾ ಶೀರ್ಷಿಕೆಯನ್ನು ಕಾಣಬಲ್ಲ ದೃಷ್ಟಿ ಅವರದು.

"ಸಾವಿರ ಪಟ್ಟು!" ಎಂದರು. "ಚೇತನ್, ನಾನು ಹೇಳಿರ್ಲಿಲ್ವಾ?"

ಏನು ಹೇಳಿದ್ದರೆಂದು ಚೇತನ್‌ಗೆ ನೆನಪಾಗಲಿಲ್ಲ. "ಆದ್ರೆ ಸರ್, ನಿಲ್ತಾ ಇಲ್ಲ. ಹತ್ತು ನಿಮಿಷ ಬಿಟ್ರೆ ಮೂರನೇ ಒಂದು ಪಾಲಿಗೆ ಇಳಿಯತ್ತೆ."

"ಹತ್ತು ನಿಮಿಷ ಯಾಕೆ ಮಾರಾಯ್ರೆ ಕಾಯ್ತೀರಿ? ಮೊದಲನೇ ರೀಡಿಂಗ್ ತಗೊಳ್ಳಿ."

"ಕಾರಣ ಏನಿರಬಹುದು ಸರ್?"

"ಅದನ್ನ ನೀವು ಹುಡುಕಿ. ಐದು ತಿಂಗಳು ಇಟ್ಟಿದ್ದೀರಲ್ಲ, ಮಾಗಿದೆ. ವೈನ್ ಮಾಗಲ್ವಾ?"

ಇಲ್ಲಿಯವರೆಗೆ ಚೇತನ್ ನಿರಪರಾಧಿ. ಇಲ್ಲಿಂದ ಮುಂದೆ ಹಾಗೆನ್ನಲಾಗದು. ಯಾಕೆಂದರೆ ಅವನು ಕಾರಣ ಹುಡುಕಿದ. ಒಂದು ವಾರ ಕುಳಿತು, ಕಾಲ ಕಳೆದಂತೆ ಮೀಥೈಲ್ ಗುಂಪುಗಳು ಒಂದಕ್ಕೊಂದು ಹೊಂದಿಕೊಂಡು ಹೇಗೆ ಸರಪಳಿಯನ್ನು ನೆಟ್ಟಗೆ ಮಾಡುತ್ತವೆ ಎಂದು ಮೂರು ಪುಟ ಬರೆದ. ನಾಲ್ಕು ಚಿತ್ರ ಹಾಕಿದ. ಇಪ್ಪತ್ತೆರಡು ಆಧಾರ ಕೊಟ್ಟ. ನಡೆಯದೇ ಇದ್ದದ್ದನ್ನು ಇಷ್ಟು ಅಚ್ಚುಕಟ್ಟಾಗಿ ವಿವರಿಸಿದ ಬರಹ ಆ ವಿಶ್ವವಿದ್ಯಾಲಯದಲ್ಲೂ ಅಪರೂಪವೇ. ಅದು ಪ್ರಬಂಧದ ನಾಲ್ಕನೇ ಅಧ್ಯಾಯವಾಯಿತು. ಚೇತನ್ ಅದನ್ನು ದಿನಕ್ಕೆರಡು ಸಲ ಓದುತ್ತಿದ್ದ. ಪ್ರತಿ ಸಲವೂ ಹೆಚ್ಚು ನಿಜವೆನಿಸುತ್ತಿತ್ತು.

ಅವಸರಕ್ಕೆ ಕಾರಣವಿತ್ತು. ಎರಡು ಸಲ ವಿಸ್ತರಣೆ ಪಡೆದ ಅವನ ನೋಂದಣಿ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತಿತ್ತು. ಅದರೊಳಗೆ ಪ್ರಬಂಧ ಸಲ್ಲಿಸದಿದ್ದರೆ ಒಂಬತ್ತು ವರ್ಷ ಹೋದಂತೆ. ಸಲ್ಲಿಸಬೇಕಾದರೆ ಆಗಸ್ಟ್ ಇಪ್ಪತ್ತೆರಡರಂದು ಸಮಿತಿಯ ಮುಂದೆ ವಿಷಯ ಮಂಡಿಸಿ ಒಪ್ಪಿಗೆ ಪಡೆಯಬೇಕು. ಹೊಸದೇನಾದರೂ ಇದ್ದರೆ ಒಪ್ಪಿಗೆ. ಹದಿನಾಲ್ಕರಲ್ಲಿ ಹೊಸದೆಂದು ಇದ್ದದ್ದು ಆ ಒಂದೇ ಬಿಲ್ಲೆ.

ಪ್ರಜ್ಞೇಶರು ಅಷ್ಟರೊಳಗೆ ಪತ್ರಿಕೆಯವರಿಗೆ ಹೇಳಿಯಾಗಿತ್ತು. 'ಮಡಿಕೇರಿಯಲ್ಲಿ ವಿದ್ಯುತ್ ಹರಿಸುವ ಪ್ಲಾಸ್ಟಿಕ್' ಎಂದು ಮೂರನೇ ಪುಟದಲ್ಲಿ ಬಂತು. ಬಿಲ್ಲೆಯನ್ನು ಹಿಡಿದುಕೊಂಡು ಪ್ರಜ್ಞೇಶರು ನಿಂತ ಚಿತ್ರ, ಹಿಂದೆ ಅರ್ಧ ಕಿವಿ ಚೇತನನದು. ಪ್ರಾಂಶುಪಾಲರು ಸಭೆಯಲ್ಲಿ, ಮಳೆಗಾಲದಲ್ಲಿ ಕಂಬ ಬಿದ್ದಾಗಲೆಲ್ಲ ಕತ್ತಲಾಗುವ ಈ ಜಿಲ್ಲೆಗೆ ಇದೊಂದು ವರ ಎಂದರು. ಆ ಬಿಲ್ಲೆಯ ವಾಹಕತೆ ತಾಮ್ರದ್ದಕ್ಕಿಂತ ಸುಮಾರು ಆರುನೂರು ಕೋಟಿ ಪಟ್ಟು ಕಡಿಮೆ ಎಂಬುದನ್ನು ಚೇತನ್ ಪಕ್ಕದಲ್ಲಿದ್ದವರಿಗೆ ಮೆಲ್ಲನೆ ಹೇಳಿದ. ಅವರು ಚಪ್ಪಾಳೆ ತಟ್ಟುತ್ತಿದ್ದರು, ಕೇಳಿಸಲಿಲ್ಲ.

ಆಗಸ್ಟ್ ಮೊದಲ ಶನಿವಾರ ಕಲೆಯಾದ ಆರು ಚೀಲಗಳನ್ನು ಊರಿಗೆ ಒಯ್ದ. ಭಾನುವಾರ ಬೆಳಿಗ್ಗೆ ಸುಮಿತ್ರಮ್ಮ ಒಗೆಯುವ ಕಲ್ಲಿನ ಬಳಿಯಿಂದ ಕೂಗಿದಳು.

"ಅಲ್ಲ ಕಣೊ ಚೇತನ, ಬೇಸಿಗೇಲಿ ನಿನ್ ಚೀಲ ಕಾಫಿ ಬಣ್ಣ ಆಗಿ ಬರ್ತಿತ್ತು. ಈಗ ನೋಡು, ಶಾಯಿ ಕುಡಿಕೆ ಬೋರಲು ಹಾಕ್ದಂಗೆ ಐತೆ. ಏನ್ ತುಂಬ್ತೀಯ ಇದ್ರೊಳಗೆ?"

"ಅದೇ ಕಣಮ್ಮ. ಅಯೋಡಿನ್."

"ಅದೇ ಆದ್ರೆ ಅದೇ ಬಣ್ಣ ಬರ್ಬೇಕಪ್ಪ. ಬೇರೆ ಏನೋ ಸೇರೈತೆ."

ಚೇತನ್ ಹಲ್ಲುಜ್ಜುತ್ತಿದ್ದವನು ಹಾಗೇ ನಿಂತ. ಗಂಜಿಯಲ್ಲಿರುವ ಪಿಷ್ಟಕ್ಕೆ ಅಯೋಡಿನ್ ತಾಗಿದರೆ ಕಡುನೀಲಿಯಾಗುತ್ತದೆ. ಇದನ್ನು ಪ್ರತಿ ವರ್ಷ ಮೊದಲ ವರ್ಷದ ಮಕ್ಕಳಿಗೆ ಅವನೇ ಮಾಡಿ ತೋರಿಸುತ್ತಿದ್ದ. ತೋರಿಸುವಾಗ ಒಂದು ಎಚ್ಚರಿಕೆಯನ್ನೂ ಕೊಡುತ್ತಿದ್ದ: ಒಣ ಪಿಷ್ಟಕ್ಕೆ ಒಣ ಅಯೋಡಿನ್ ತಾಗಿದರೆ ಬರೀ ಕಂದು, ನೀಲಿಯಾಗಬೇಕಾದರೆ ನೀರು ಬೇಕು. ಬೇಸಿಗೆಯ ಚೀಲ ಕಂದು. ಮಳೆಗಾಲದ ಚೀಲ ನೀಲಿ. ಚೀಲಕ್ಕೆ ನೀರು ಸಿಕ್ಕಿದೆ. ಚೀಲಕ್ಕೆ ಸಿಕ್ಕಿದ ನೀರು ಬಿಲ್ಲೆಗೆ ಸಿಗದೆ ಇರುತ್ತದೆಯೆ? ಓಡಿದ್ದು ಎಲೆಕ್ಟ್ರಾನಲ್ಲ. ಬಿಲ್ಲೆಯ ಮೈಮೇಲಿನ ತೇವದ ಪೊರೆಯಲ್ಲಿ ಅಯೋಡಿನ್ನಿನ ಅಯಾನುಗಳು ಈಜಿವೆ, ತಂತಿಯ ದಡ ತಲುಪಿ ಗುಂಪುಗಟ್ಟಿ ನಿಂತಿವೆ. ಅದಕ್ಕೇ ಹತ್ತು ನಿಮಿಷದಲ್ಲಿ ಅಂಕಿ ಜಾರಿದ್ದು. ನಾಲ್ಕು ಚಿತ್ರ, ಇಪ್ಪತ್ತೆರಡು ಆಧಾರ.

ಮೂಟೆ ಕಟ್ಟುವ ದಾರ ಹೊಸೆಯುತ್ತ ಕುಳಿತಿದ್ದ ಸಿದ್ದಣ್ಣ ಮಗನ ಮುಖ ನೋಡಿ, "ಏನಾಯ್ತಲಾ? ಪೇಸ್ಟ್ ನುಂಗ್ದಾ?" ಎಂದ.

"ಬಿಲ್ಲೆ ತೇವ ಎಳ್ಕೊಂಡದೆ ಅಪ್ಪಾ. ಬಟ್ಟೆ ಚೀಲದಲ್ಲಿ ಇಟ್ಟಿದ್ದೆ. ನೀನೇ ಹೇಳಿದ್ದಲ್ಲ, ಉಸಿರಾಡ್ಬೇಕು ಅಂತ."

"ನಾನು ಕಾಫಿಗೆ ಹೇಳ್ದೆ. ಬಿಲ್ಲೆಗೆ ಹೇಳ್ದ್ನಾ? ಮಳೆಗಾಲದಲ್ಲಿ ಕಾಫೀನೂ ಗೋಣೀಲಿ ತೇವ ಎಳೀತದೆ. ಅದಕ್ಕೇ ಮಳೆ ಹಿಡಿಯೋ ಮೊದ್ಲು ಮಾರ್ಬಿಡೋದು. ನೀನ್ಯಾಕೆ ಜುಲೈವರ್ಗೂ ಇಟ್ಕೊಂಡಿದ್ದೆ?"

ಒಂಬತ್ತು ವರ್ಷದ ವಿದ್ಯಾಭ್ಯಾಸದಲ್ಲಿ ಪಾಠದ ಅರ್ಧವನ್ನಷ್ಟೇ ಕಲಿತಿದ್ದ ಚೇತನ್ ಬಾಯಿ ತೊಳೆದುಕೊಂಡ.

ಸೋಮವಾರ ಪ್ರಯೋಗಾಲಯದ ಅಟೆಂಡರ್ ಕಾಳಮ್ಮನ ಹತ್ತಿರ ಸಿಲಿಕಾ ಜೆಲ್ ಕೇಳಿದ. ತೇವ ಹೀರುವ ಆ ಹರಳು ಒಣಗಿದ್ದಾಗ ನೀಲಿ, ಹೀರಿ ಸಾಕಾದಾಗ ಗುಲಾಬಿ. ಕಾಳಮ್ಮ ತಂದ ಡಬ್ಬಿಯಲ್ಲಿದ್ದದ್ದು ಮದುವೆಮನೆಯ ಹಾಗೆ ಗುಲಾಬಿ.

"ಇದು ಜೂನಿಂದ ಹಿಂಗೇ ಸಾರ್. ನಾನು ಹೇಳಿದ್ನಲ್ಲ."

"ಯಾರಿಗೆ ಹೇಳಿದ್ರಿ?"

"ಎಲ್ಲರಿಗೂ ಹೇಳ್ದೆ. ಎಲ್ಲರೂ ಬಣ್ಣ ಚೆನ್ನಾಗಿದೆ ಅಂದ್ರು."

ಅದನ್ನು ಓವನ್ನಿನಲ್ಲಿ ಹುರಿದು ನೀಲಿ ಮಾಡಿ ಗಾಜಿನ ಜಾಡಿಯ ತಳದಲ್ಲಿ ಹರಡಿ, ಮೇಲೆ ಬಿಲ್ಲೆಗಳನ್ನಿಟ್ಟು ಮುಚ್ಚಿದ. ಪಂಪಿನಿಂದ ಗಾಳಿ ಎಳೆದರೆ ನೀರಿನ ಜೊತೆ ಅಯೋಡಿನ್ನೂ ಹೋಗಿಬಿಡುತ್ತದೆಂದು ಅವಸರಿಸದೆ ಮೂರು ದಿನ ಬಿಟ್ಟ. ಗುರುವಾರ ತೆಗೆದು ಅಳೆದ. ಕೋಟಿಯಲ್ಲೊಂದು ಪಾಲಿಗೂ ಕೊಂಚ ಕಡಿಮೆ; ಆ ಕೊಂಚ, ಹಾರಿಹೋದ ಅಯೋಡಿನ್ನಿನದು. ಇನ್ನೊಮ್ಮೆ ಅಳೆದ. ಹನ್ನೊಂದು ಸಲ ಅಳೆದ. ವಿಜ್ಞಾನಕ್ಕೆ ಮೂರು ಸಲ ಸಾಕು. ಮಿಕ್ಕ ಎಂಟು ಆಸೆಗೆ. ಕೊನೆಗೆ ಬಗ್ಗಿ ಬಿಲ್ಲೆಯ ಮೇಲೆ 'ಹಾ' ಎಂದು ಉಸಿರು ಬಿಟ್ಟ. ಅಂಕಿ ಸರ್ರನೆ ಮೇಲೇರಿತು.

ಪ್ರಜ್ಞೇಶರು ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕಿಟಕಿಯ ಹೊರಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ.

"ತೇವ ಎಲ್ಲಿಲ್ಲ ಹೇಳಿ ಚೇತನ್? ಮಡಿಕೇರೀಲಿ ಇಲ್ದೆ ಇನ್ನೆಲ್ಲಿರತ್ತೆ?"

"ಅದು ಪಾಲಿಮರಿನ ಗುಣ ಅಲ್ಲವಲ್ಲ ಸರ್. ನೀರಿನ ಗುಣ."

"ನೀವು ಸುಳ್ಳು ಬರೀಬೇಡಿ. ನಾನು ಯಾವತ್ತೂ ಸ್ಟೂಡೆಂಟ್ಸ್‌ಗೆ ಸುಳ್ಳು ಬರೀರಿ ಅಂದೋನಲ್ಲ. 'ಕೋಣೆಯ ಸಾಮಾನ್ಯ ಸ್ಥಿತಿಯಲ್ಲಿ ಅಳೆದದ್ದು' ಅಂತ ಒಂದು ಸಾಲು ಸೇರಿಸಿ. ನಿಜ ತಾನೆ ಅದು?"

ನಿಜವೇ. ತೊಂದರೆ ಇದ್ದದ್ದೇ ಅಲ್ಲಿ. ಚೇತನ್ ಎರಡು ದಿನ ಆ ಸಾಲನ್ನು ನೋಡಿದ. ಅದರಲ್ಲಿ ಹಿಡಿದು ತೋರಿಸಬಹುದಾದ ಒಂದೇ ಒಂದು ತಪ್ಪು ಪದವಿರಲಿಲ್ಲ. ಸೆಪ್ಟೆಂಬರ್ ಮೂವತ್ತು ಗೋಡೆಯ ಕ್ಯಾಲೆಂಡರಿನಲ್ಲಿತ್ತು. ಸಾಲನ್ನು ಸೇರಿಸಿದ. ಸ್ಲೈಡಿಗೂ ಸೇರಿಸಿದ, ಚಿಕ್ಕ ಅಕ್ಷರದಲ್ಲಿ.

ಇಪ್ಪತ್ತೆರಡರಂದು ಸೆಮಿನಾರ್ ಕೋಣೆ ತುಂಬಿತ್ತು. ಸಮಿತಿಯಲ್ಲಿ ಹೊರಗಿನ ತಜ್ಞರಾಗಿ ಮೈಸೂರಿನಿಂದ ಬಂದಿದ್ದವರು ಡಾ. ಸುಮಿತಾ, ಗಿಡ್ಡ ಕೂದಲು, ಕುತ್ತಿಗೆಗೆ ನೇತುಹಾಕಿದ ಕನ್ನಡಕ, ಇದೇ ಜಾತಿಯ ಪಾಲಿಮರುಗಳ ಮೇಲೆ ಇಪ್ಪತ್ತು ವರ್ಷ ಕೆಲಸ ಮಾಡಿದವರು. ಇವರು ಕೇಳಿಯೇ ಕೇಳುತ್ತಾರೆ ಎಂದು ಚೇತನ್ ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ. ಯಂತ್ರವನ್ನೂ ಬಿಲ್ಲೆಯ ಜಾಡಿಯನ್ನೂ ತಂದು ಮೇಜಿನ ಮೇಲಿಟ್ಟಿದ್ದ. ತೋರಿಸುವುದಕ್ಕೆಂದು ಪ್ರಜ್ಞೇಶರು ಹೇಳಿದ್ದರು.

ಸುಮಿತಾ ಕೇಳಲಿಲ್ಲ. ಸಾವಿರ ಪಟ್ಟಿನ ಸ್ಲೈಡ್ ಬಂದಾಗ ಕನ್ನಡಕ ಹಾಕಿಕೊಂಡು ಮುಂದೆ ಬಾಗಿದರು. ಮೀಥೈಲ್ ಗುಂಪುಗಳ ಚಿತ್ರಕ್ಕೆ ತಲೆಯಾಡಿಸಿದರು. ಮುಗಿದ ಮೇಲೆ ಎರಡು ಸಣ್ಣ ಪ್ರಶ್ನೆ, ಅಷ್ಟೆ.

"ಒಳ್ಳೆ ಕೆಲಸ," ಎಂದರು. "ನಿಜ ಹೇಳ್ಬೇಕಂದ್ರೆ ನಾನು ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ."

ಪ್ರಜ್ಞೇಶರು ಅದು ತಮಗೇ ಹೇಳಿದ ಮಾತೆಂಬಂತೆ ತಲೆ ಬಾಗಿಸಿದರು. ಒಪ್ಪಿಗೆಯ ಹಾಳೆ ಮೇಜಿನ ಆ ಕಡೆಯಿಂದ ಸಹಿಯಾಗುತ್ತ ಹೊರಟಿತು.

"ನನ್ನ ಹತ್ರ ಸಿಂಚನಾ ಅಂತ ಒಬ್ಬಳು ಹೊಸದಾಗಿ ಸೇರಿದಾಳೆ," ಎಂದು ಸುಮಿತಾ ಪೆನ್ನಿನ ಮುಚ್ಚಳ ತೆಗೆಯುತ್ತ ಹೇಳಿದರು. "ಚುರುಕು ಹುಡುಗಿ. ಏನು ಟಾಪಿಕ್ ಕೊಡೋದು ಅಂತ ಯೋಚಿಸ್ತಿದ್ದೆ. ಇದನ್ನೇ ಕೊಡ್ತೀನಿ. ನಿಮ್ಮ ಈ ನಂಬರಿಂದ ಶುರು ಮಾಡಿ ಮುಂದಕ್ಕೆ ಹೋಗ್ಲಿ. ಒಂದು ಬಿಲ್ಲೆ ಕೊಡ್ತೀರಾ?"

ಚೇತನ್ ಜಾಡಿಯ ಮುಚ್ಚಳದ ಮೇಲೆ ಕೈಯಿಟ್ಟ. ಮೈಸೂರಿನ ಆ ಪ್ರಯೋಗಾಲಯದಲ್ಲಿ ಏ.ಸಿ. ಇರುತ್ತದೆ, ಗಾಳಿ ಒಣಗಿರುತ್ತದೆ. ಸಿಂಚನಾ ಎಂಬವಳು ಬಿಲ್ಲೆ ಇಟ್ಟು ಅಳೆಯುತ್ತಾಳೆ, ಕೋಟಿಯಲ್ಲೊಂದು ಪಾಲು ಬರುತ್ತದೆ. ತನ್ನದೇ ತಪ್ಪೆಂದುಕೊಳ್ಳುತ್ತಾಳೆ. ಹೊಸದಾಗಿ ಪಾಲಿಮರ್ ಮಾಡುತ್ತಾಳೆ, ಬಿಲ್ಲೆ ಒತ್ತುತ್ತಾಳೆ, ಐದು ತಿಂಗಳು ಮಾಗಿಸುತ್ತಾಳೆ. ಚೇತನನ ಮೂರು ಪುಟಗಳನ್ನು ಓದುತ್ತಾಳೆ, ಅದು ನಿಜವೆನ್ನಿಸುವವರೆಗೆ ಓದುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳದೂ ಒಂದು ತಾರೀಕು ಇರುತ್ತದೆ. ಒಂಬತ್ತು ವರ್ಷ ಎಷ್ಟು ಉದ್ದವೆಂದು ಆ ಕೋಣೆಯಲ್ಲಿ ಅಳೆದು ನೋಡಿದ್ದವನು ಅವನೊಬ್ಬನೇ.

"ಮೇಡಂ, ಸಹಿ ಮಾಡೋ ಮೊದ್ಲು ಒಂದು ನಿಮಿಷ," ಎಂದ.

ಒಣ ಬಿಲ್ಲೆಯನ್ನು ತೆಗೆದು ತಂತಿಗಳಿಗೆ ಸಿಕ್ಕಿಸಿದ. ಅಂಕಿ ತಳದಲ್ಲಿತ್ತು. ಮೇಜಿನ ಮೇಲೆ ಬಾಗಿ, ಇಡೀ ಸಮಿತಿಯ ಎದುರಿಗೆ, ಬಾಯಿ ಅಗಲ ಮಾಡಿ 'ಹಾ' ಎಂದು ಉಸಿರು ಬಿಟ್ಟ. ಅಂಕಿ ಏರಿತು. ಇನ್ನೊಮ್ಮೆ ಬಿಟ್ಟ. ಇನ್ನೂ ಏರಿತು. ಎರಡನೇ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪ್ರಾಂಶುಪಾಲರು ಇದೂ ಪ್ರದರ್ಶನದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿ, ತಾವೊಬ್ಬರೇ ಎಂದು ಗೊತ್ತಾಗಿ ನಿಲ್ಲಿಸಿದರು.

ಸುಮಿತಾ ಪೆನ್ನಿನ ಮುಚ್ಚಳ ಹಾಕಿದರು. "ಒಣಗಿದಾಗ ಎಷ್ಟು?"

"ಹತ್ತರ ಮೈನಸ್ ಏಳು ಮೇಡಂ, ಕೋಟಿಯಲ್ಲೊಂದು ಪಾಲು. ಅದಕ್ಕಿಂತ ಸ್ವಲ್ಪ ಕಡಿಮೆ."

"ಅಂದ್ರೆ ಎಲ್ಲರಿಗೂ ಬರೋ ಹಾಗೇ."

"ಹೌದು."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಎರಡು ವಾರ ಆಯ್ತು ಮೇಡಂ."

"ಎರಡು ವಾರ! ಮತ್ತೆ ಆ ಸ್ಲೈಡ್ ಹಾಕಿ ನಲವತ್ತು ನಿಮಿಷ ಮಾತಾಡಿದ್ರಲ್ಲ?"

ಚೇತನ್ ಸ್ಲೈಡಿನ ಕೆಳಗಿನ ಚಿಕ್ಕ ಅಕ್ಷರದ ಸಾಲನ್ನು ತೋರಿಸಲಿಲ್ಲ. "ತಪ್ಪಾಯ್ತು," ಎಂದ.

"ಇದನ್ನೇ ನಾನು ಮೊದಲಿಂದ ಹೇಳ್ತಿದ್ದೆ," ಎಂದು ಪ್ರಜ್ಞೇಶರು ಸಮಿತಿಯ ಕಡೆ ತಿರುಗಿದರು. "ತೇವ ನೋಡ್ಕೊಳ್ಳಿ, ತೇವ ನೋಡ್ಕೊಳ್ಳಿ ಅಂತ."

ಒಳಗೆ ಅರ್ಧ ಗಂಟೆ ಚರ್ಚೆಯಾಯಿತು. ಚೇತನ್ ಹೊರಗೆ ಬೆಂಚಿನ ಮೇಲೆ ಕುಳಿತ. ಕಾಳಮ್ಮ ಒಂದು ಲೋಟ ಟೀ ತಂದು ಕೊಟ್ಟು, ತಟ್ಟೆಯಲ್ಲಿ ಒಂದು ಬಿಸ್ಕತ್ತು ಹೆಚ್ಚಿಗೆ ಇಟ್ಟು ಹೋದಳು. ತೀರ್ಮಾನ ಹೀಗೆ ಬಂತು: ನಾಲ್ಕನೇ ಅಧ್ಯಾಯ ಪೂರ್ತಿ ತೆಗೆಯಬೇಕು. ಹದಿನಾಲ್ಕೂ ಪಾಲಿಮರುಗಳನ್ನು ಹೊಸದಾಗಿ ಮಾಡಿ, ಮುಚ್ಚಿದ ಒಣ ಪೆಟ್ಟಿಗೆಯಲ್ಲಿಟ್ಟು ಅಳೆಯಬೇಕು. ಅದಕ್ಕೆ ಎಂಟು ತಿಂಗಳ ಕೊನೆಯ ವಿಸ್ತರಣೆಗೆ ಸಮಿತಿ ಶಿಫಾರಸು ಮಾಡುತ್ತದೆ. ವಿಶ್ವವಿದ್ಯಾಲಯ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಶಿಫಾರಸಿನ ಒಕ್ಕಣೆ ಬರೆದವರು ಸುಮಿತಾ. ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು, "ಸಿಂಚನಾಗೆ ಬೇರೆ ಟಾಪಿಕ್ ಹುಡುಕ್ಬೇಕು ಈಗ. ಎಲ್ಲಾ ನಿಮ್ಮಿಂದ," ಎಂದರು. ಗದರಿಸಿದ್ದು ಎಷ್ಟು ಪಾಲು, ಮೆಚ್ಚಿದ್ದು ಎಷ್ಟು ಪಾಲು ಎಂದು ಚೇತನ್‌ಗೆ ಬೇರ್ಪಡಿಸಲಾಗಲಿಲ್ಲ.

ವಿಸ್ತರಣೆ ಸಿಕ್ಕಿತು, ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಸಂಜೆ. ಪತ್ರಿಕೆ ತಿದ್ದುಪಡಿ ಹಾಕಲಿಲ್ಲ, ಕೇಳಿದವರೂ ಇಲ್ಲ. ಪ್ರಜ್ಞೇಶರು ಆ ಚಳಿಗಾಲದಲ್ಲಿ ಕಾಫಿಯ ತೇವ ಅಳೆಯುವ ಪ್ಲಾಸ್ಟಿಕ್ಕಿನ ಬಗ್ಗೆ ಒಂದು ಯೋಜನೆ ಬರೆದು ಎಲ್ಲಿಗೋ ಕಳಿಸಿದರು. ಚೇತನ್ ಡಿಸೆಂಬರಿನಿಂದ ಮಾರ್ಚಿನವರೆಗೆ ಹದಿನಾಲ್ಕನ್ನೂ ಮತ್ತೆ ಮಾಡಿದ. ಪ್ರತಿ ಬಿಲ್ಲೆಗೂ ವೋಲ್ಟೇಜ್ ಕೊಟ್ಟು ಹತ್ತು ನಿಮಿಷವಲ್ಲ, ಒಂದು ಗಂಟೆ ಕಾದ. ಯಾವುದೂ ಜಾರಲಿಲ್ಲ. ಯಾವುದೂ ಏರಲೂ ಇಲ್ಲ. ಪಕ್ಕದ ಗುಂಪು ದೊಡ್ಡದಾದಷ್ಟೂ ಸರಪಳಿ ಹೆಚ್ಚು ತಿರುಚುತ್ತದೆ, ವಾಹಕತೆ ಕಡಿಮೆಯಾಗುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದದ್ದು ಹದಿನಾಲ್ಕು ಬಿಂದುಗಳ ಒಂದು ನೆಟ್ಟಗಿನ ಗೆರೆಯಾಗಿ ಬಂತು. ಪ್ರಬಂಧ ನೋಡಿದ ಪರೀಕ್ಷಕರೊಬ್ಬರ ವರದಿ ಎರಡೇ ವಾಕ್ಯದ್ದು: 'ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಅಂಕಿಗಳನ್ನು ನಂಬಬಹುದು.' ಅದರ ಮೇಲೆ ಪಿಎಚ್.ಡಿ. ಬಂತು.

ಮುಂದಿನ ಸೋಮವಾರ ಸೋಮವಾರಪೇಟೆಯ ಸಂತೆಯಲ್ಲಿ ಸಿದ್ದಣ್ಣ ಏಲಕ್ಕಿ ಚೀಲದ ಪಕ್ಕ ನಿಂತಿದ್ದಾಗ, ಮೂಟೆ ಹೊರುವ ಮುತ್ತ ಬೀಡಿ ಹಚ್ಚುತ್ತ ಕೇಳಿದ.

"ಮಗ ಡಾಕ್ಟ್ರು ಆದ್ನಂತೆ ಸಿದ್ದಣ್ಣಾರೆ. ಏನ್ ಕಂಡ್ಹಿಡ್ದ?"

"ಅವನ ಪ್ಲಾಸ್ಟಿಕ್ಕಲ್ಲಿ ಕರೆಂಟು ಓಡಲ್ಲ ಅಂತ ಕಂಡ್ಹಿಡ್ದ."

"ಅಷ್ಟಕ್ಕೆ ಹತ್ತು ವರ್ಸವಾ?"

"ಓಡ್ತದೆ ಅನ್ನೋದಾಗಿದ್ರೆ ಎರಡೇ ತಿಂಗ್ಳಲ್ಲಿ ಆಗ್ತಿತ್ತು ಕಣೊ," ಎಂದ ಸಿದ್ದಣ್ಣ. "ಪೇಪರಲ್ಲೂ ಬಂದಿತ್ತು."